ಎರಡು ಒಲೆಯ ಕರು

ಭಂಡಿಗಡಿಯ ಸುಬ್ಬಯ್ಯನವರ ಮನೆಯಲ್ಲಿ ಒಲೆ ಎರಡಾಗಿ ಎರಡು ತಿಂಗಳಾಗಿತ್ತು. ನಡುವೆ ಗೋಡೆ ಎದ್ದಿರಲಿಲ್ಲ. ಜಗಲಿ ಒಂದೇ, ಬಚ್ಚಲ ಹಂಡೆ ಒಂದೇ, ಹೊರಬಾಗಿಲ ಚಿಲಕವೂ ಒಂದೇ. ಮೊದಲು ಭತ್ತದ ಚೀಲ ಇಡುತ್ತಿದ್ದ ಕೋಣೆಯಲ್ಲಿ ಕಿರಿಯ ಮಗ ರಾಕೇಶ ಒಂದು ಗ್ಯಾಸ್ ಒಲೆ ತಂದಿಟ್ಟ, ಅಷ್ಟೇ. ಅಷ್ಟಕ್ಕೇ ಮನೆಯವರೆಲ್ಲ ಬೆಕ್ಕಿನ ಹೆಜ್ಜೆ ಇಡಲು ಶುರುಮಾಡಿದರು.

ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ರಾಕೇಶನ ಹೆಂಡತಿ ದಿವ್ಯ ಜಯಪುರದ ಟೈಲರ್ ಅಂಗಡಿಗೆ ಹೊಲಿಗೆಗೆ ಹೋಗುತ್ತಿದ್ದಳು. ಸಂಜೆ ಸುಸ್ತಾಗಿ ಬಂದವಳು ಊಟದ ಡಬ್ಬಿಯನ್ನು ಪಾತ್ರೆ ತೊಳೆಯುವ ಕಲ್ಲಿನ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಹಿರಿಯ ಮಗ ರಾಜೇಶನ ಹೆಂಡತಿ ನಯನ ಕೆಲವು ತಿಂಗಳು ತುಟಿ ಬಿಗಿಹಿಡಿದು ಅದನ್ನು ತೊಳೆದಳು. ಒಂದು ದಿನ ತೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಅದೇ ಡಬ್ಬಿಗೆ ಬಿಸಿ ಚಿತ್ರಾನ್ನ ತುಂಬಿ ಕಳಿಸಿದಳು. ಅಂಗಡಿಯಲ್ಲಿ ನಾಲ್ಕು ಜನರ ಎದುರು ಮುಚ್ಚಳ ತೆಗೆದ ದಿವ್ಯಳ ಮುಖ ಹೇಗಾಗಿರಬೇಕೆಂದು ಯಾರಾದರೂ ಊಹಿಸಬಹುದು. ಅಂದಿನಿಂದ ವಾರಗಿತ್ತಿಯರಿಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ಹೇಳಬೇಕಾದ್ದನ್ನೆಲ್ಲ ಅತ್ತೆ ಶೇಷಮ್ಮನವರ ಮೂಲಕ ಹೇಳುತ್ತಿದ್ದರು.

"ಅತ್ತೆ, ಇವತ್ತು ಹಂಡೆಗೆ ನೀರು ತುಂಬೋದು ನನ್ನ ಸರದಿ ಅಲ್ಲ ಅಂತ ಕೆಲವರಿಗೆ ಹೇಳಿ."

"ಅತ್ತೆ, ಕೆಲವರಿಗೆ ಕಿವಿ ಸರಿಯಾಗೇ ಕೇಳ್ತದೆ ಅಂತ ಹೇಳಿ."

ಇಬ್ಬರೂ ಅಲ್ಲೇ, ಒಂದೇ ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದರು. ಶೇಷಮ್ಮನವರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಲೆಯಾಡಿಸಿ, ಕಡೆಗೆ ತಾವೇ ಕೊಡಪಾನ ಎತ್ತಿಕೊಳ್ಳುತ್ತಿದ್ದರು.

ಮುದುಕರ ಊಟವೂ ಪಾಲಾಗಿತ್ತು. ಹಗಲು ಹಿರಿಯವನ ಒಲೆ, ರಾತ್ರಿ ಕಿರಿಯವನ ಒಲೆ. ಅಣ್ಣ ತಮ್ಮ ಇಬ್ಬರೂ ಒಂದೇ ಸಂತೆಯಿಂದ ಒಂದೇ ತರಕಾರಿ ತರುತ್ತಿದ್ದರು.

"ಪಾಲಾಗಿ ನಂಗೆ ಸಿಕ್ಕಿದ್ದು ಎಂತ ಅಂದ್ರೆ ಎರಡು ಹೊತ್ತು ಬದನೆಕಾಯಿ," ಎಂದು ಸುಬ್ಬಯ್ಯನವರು ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದರು.

ಮಕ್ಕಳಿಬ್ಬರೂ ಮಾತ್ರ ಜಗಳವಾಡದೆ, ಸಮಾಧಾನದಿಂದಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಬೇಸಿಗೆ ಮುಗಿಯುವುದರೊಳಗೆ ಗದ್ದೆ, ಪಾತ್ರೆ ಪಗಡೆ ಎಲ್ಲ ಪಾಲಾಗಬೇಕು. ಪಾಲು ಮಾಡಲಾಗದ್ದನ್ನು ಮಾರಿಬಿಡಬೇಕು. ಕೊಟ್ಟಿಗೆಯಲ್ಲಿದ್ದ ಒಂದೇ ಒಂದು ಹಸು, ಗಬ್ಬದ ಸರಸಿ, ಪಾಲು ಮಾಡಲಾಗದ್ದು.

ಶೇಷಮ್ಮನವರು ಮದುವೆಯಾಗಿ ಬರುವಾಗ ಹಿರೇಕೊಡಿಗೆಯ ತವರಿನಿಂದ ಒಂದು ಹಸು ಹೊಡೆಸಿಕೊಂಡು ಬಂದಿದ್ದರು. ಸರಸಿ ಅದರ ಸಂತಾನ. ತವರಿನಲ್ಲಿ ಈಗ ಅಣ್ಣನೂ ಇಲ್ಲ, ಕೊಟ್ಟಿಗೆಯೂ ಇಲ್ಲ. ತವರೆಂದು ಉಳಿದದ್ದು ಸರಸಿ ಮಾತ್ರ. ಅದನ್ನು ಮಾರುವ ಮಾತು ಬಂದಾಗ ಅವರು ಎದ್ದು ಕೊಟ್ಟಿಗೆಗೆ ಹೋಗಿ ಕೂತಿದ್ದರು.

ಸರಸಿ ಯಾರಿಗೂ ಆ ಕಷ್ಟ ಕೊಡಲಿಲ್ಲ. ಶಿವರಾತ್ರಿ ಕಳೆದ ವಾರದಲ್ಲಿ ಹೆಣ್ಣು ಕರು ಹಾಕಿತು. ಕರು ಎದ್ದು ನಿಂತು ಮೊದಲ ದಿನದ ಹಾಲು ಹೊಟ್ಟೆ ತುಂಬ ಕುಡಿಯಿತು. ಮರುದಿನ ಸರಸಿ ಕಾಲು ನಡುಗಿಸುತ್ತ ಮಲಗಿದ್ದು ಏಳಲಿಲ್ಲ. ರಾಜೇಶ ಮೊಬೈಲಿಗೆ ಸಿಗ್ನಲ್ ಸಿಗಲೆಂದು ನೀರಿನ ಟ್ಯಾಂಕ್ ಹತ್ತಿ ಡಾಕ್ಟರಿಗೆ ಫೋನ್ ಮಾಡಿದ. ಅವರು ಇನ್ನೊಂದು ಊರಿನಲ್ಲಿ ಕರು ಅಡ್ಡವಾದ ಹಸುವಿನ ಹತ್ತಿರ ಇದ್ದರು. ಅವರು ಬರುವಷ್ಟರಲ್ಲಿ ಸರಸಿಯ ಕಿವಿ ತಣ್ಣಗಾಗಿತ್ತು.

ಶೇಷಮ್ಮನವರು ಅತ್ತರು, ಬಾಯಿಬಿಟ್ಟೇ ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಈ ಕೂಸನ್ನಾದ್ರೂ ಉಳಿಸಿಕೊಡಿ ಮಾರಾಯ್ರೆ," ಎಂದು ಮನೆಯವರೆಲ್ಲರನ್ನೂ ಒಟ್ಟಿಗೆ ಕೇಳಿದರು. ಎಲ್ಲರೂ ಒಟ್ಟಿಗೆ ಕೇಳಿಸಿಕೊಂಡದ್ದೇ ಮುಂದಿನ ಅವಾಂತರಕ್ಕೆ ಕಾರಣವಾಯಿತು.

ಬಾಟಲಿಯಲ್ಲಿ ಹಾಲು ಕುಡಿಸುವುದೆಂದಾಯಿತು. ರಾಕೇಶ ಎಲ್ಲಿಂದಲೋ ಒಂದು ಬ್ರಾಂದಿ ಬಾಟಲಿ ತಂದ.

"ಇದು ಎಲ್ಲಿ ಸಿಕ್ತು ನಿಂಗೆ?" ಸುಬ್ಬಯ್ಯನವರು ಕೇಳಿದರು.

"ದಾರೀಲಿ ಬಿದ್ದಿತ್ತು ಅಪ್ಪ."

"ದಾರೀಲಿ ಬಿದ್ದದ್ದು ಬಾಟಲಿಯೋ, ನೀನೋ?"

ಶೇಷಮ್ಮನವರು ಅದನ್ನು ಹುಣಸೆಹಣ್ಣು ಹಾಕಿ ಏಳು ಸಲ ಉಜ್ಜಿದರು. ಮೂಸಿ ನೋಡಿ ಎಂಟನೆಯ ಸಲವೂ ಉಜ್ಜಿದರು. ಜಯಪುರದಿಂದ ರಬ್ಬರಿನ ನಿಪ್ಪಲ್ ಬಂತು. ಹಾಲು ಪಕ್ಕದ ಮನೆಯ ಪ್ರೇಮಕ್ಕನ ಹತ್ತಿರ ಕೊಳ್ಳುವುದು. ಬಾಟಲಿ ಕೊಟ್ಟಿಗೆಯ ಗೂಟಕ್ಕೆ ತೂಗುಬಿದ್ದಿತು. ಯಾರು ಕುಡಿಸಬೇಕು ಎನ್ನುವುದನ್ನು ಮಾತ್ರ ಯಾರೂ ಯಾರ ಹತ್ತಿರವೂ ಕೇಳಲಿಲ್ಲ. ಕೇಳಿದರೆ ಮಾತಾಡಿದಂತಾಗುತ್ತಿತ್ತಲ್ಲ!

ನಯನ ಬೆಳಿಗ್ಗೆ ಎದ್ದವಳೇ ತನ್ನ ಪಾಲಿನ ಹಾಲು ಬೆಚ್ಚಗೆ ಮಾಡಿ ಕುಡಿಸುತ್ತಿದ್ದಳು. ದಿವ್ಯ ಬಸ್ಸಿಗೆ ಹೊರಡುವ ಮೊದಲು ಕೊಟ್ಟಿಗೆಗೆ ಇಣುಕುತ್ತಿದ್ದಳು. ಕರು ಅವಳ ಬೆರಳು ಚೀಪಲು ಬರುತ್ತಿತ್ತು. 'ಕೆಲವರು ಕರುವನ್ನೂ ಉಪವಾಸ ಕೆಡವಿದ್ದಾರೆ' ಎಂದುಕೊಂಡು ತನ್ನ ಕಾಫಿಗೆಂದು ಇಟ್ಟ ಹಾಲನ್ನೂ ಸೇರಿಸಿ ಇನ್ನೊಂದು ಬಾಟಲಿ ಕೊಡುತ್ತಿದ್ದಳು. ಎಳೆಗರುವಿಗೆ ಹೊಟ್ಟೆ ತುಂಬಿದ್ದರೂ ಬಾಯಿಗೆ ಸಿಕ್ಕಿದ್ದನ್ನು ಚೀಪುವ ಚಟ ಎಂಬುದು ಹೊಲಿಗೆ ಕೆಲಸದವಳಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಮಧ್ಯಾಹ್ನ ಶೇಷಮ್ಮನವರು, ತಾಯಿಯಿಲ್ಲದ್ದು ಪಾಪ ಎಂದು, ಪಾತ್ರೆಯ ತಳದ ತಣ್ಣನೆಯ ಹಾಲನ್ನು ಕುಡಿಸುತ್ತಿದ್ದರು. ಸಂಜೆ ಮತ್ತೆ ಸೊಸೆಯರಿಬ್ಬರ ಸರದಿ, ಒಬ್ಬರು ಹೋದ ಮೇಲೆ ಒಬ್ಬರು. ಕರುವಿಗೆ ಹೆಸರೂ ಮೂರು. ನಯನಳಿಗೆ ಅದು ಪುಟ್ಟಿ, ದಿವ್ಯಳಿಗೆ ಜೂಲಿ, ಶೇಷಮ್ಮನವರಿಗೆ ಸರಸಿ ಮಗಳು.

ಬಾಟಲಿಯನ್ನು ಎಲ್ಲರೂ ತಣ್ಣೀರಿನಲ್ಲಿ ಒಮ್ಮೆ ಗಲಬರಿಸಿ ಗೂಟಕ್ಕೆ ಸಿಗಿಸುತ್ತಿದ್ದರು. ಬಿಸಿನೀರು ಹಾಕಿ ತೊಳೆಯುವುದು ಇನ್ನೊಬ್ಬರ ಕೆಲಸವೆಂದು ಪ್ರತಿಯೊಬ್ಬರ ನಂಬಿಕೆ. ಆ ಮನೆಗೆ ದಿನಕ್ಕೆ ಎಷ್ಟು ಹಾಲು ಹೋಗುತ್ತದೆಂದು ಒಟ್ಟು ಲೆಕ್ಕ ಗೊತ್ತಿದ್ದವಳು ಪ್ರೇಮಕ್ಕ ಒಬ್ಬಳೇ. ಅವಳು ಹಾಲು ಮಾರುವವಳು, ಯಾಕೆ ಹೇಳುತ್ತಾಳೆ?

ಎರಡನೆಯ ವಾರ ಕರುವಿನ ಬಾಲ ಒದ್ದೆಯಾಯಿತು. ಮೊದಲು ಗಂಜಿಯಂತೆ ಬಿಳಿಚಿಕೊಂಡ ಸಗಣಿ, ಮರುದಿನ ಹಳದಿ ನೀರು. ಕೊಟ್ಟಿಗೆಗೆ ಕಾಲಿಟ್ಟರೆ ಹುಳಿ ನಾತ, ಮೇಲೆ ಬೇಸಿಗೆಯ ನೊಣ.

"ಹಾಲು ಜಾಸ್ತಿಯಾಗಿ ಹಿಂಗಾಗಿದೆ," ಎಂದಳು ನಯನ, ಅತ್ತೆಯನ್ನು ನೋಡುತ್ತ. "ಯಾರೋ ಕದ್ದು ಕುಡಿಸ್ತಿದಾರೆ."

"ಅತ್ತೆ, ಹಾಲು ಕುಡಿಸೋದು ಕಳ್ಳತನ ಅಂತ ಯಾವಾಗ ಆಯ್ತು ಅಂತ ಕೇಳಿ," ಎಂದಳು ದಿವ್ಯ. "ನೀರು ಬೆರೆಸಿದ ಹಾಲು ಕುಡಿಸೋರು ಮಾತಾಡ್ತಾರೆ."

"ನೀರು ಬೆರೆಸ್ತೇನಾ ನಾನು? ಅತ್ತೆ, ಕೇಳಿದ್ರಾ?"

"ಕೇಳಿದೆ ಕಣೇ, ಎರಡೂ ಕೇಳಿದೆ. ಕರು ಕೂಗೋದು ನಿಮಗೆ ಕೇಳ್ತದಾ?" ಎಂದರು ಶೇಷಮ್ಮ.

ಸುಬ್ಬಯ್ಯನವರು ಜಗಲಿಯಿಂದಲೇ ತೀರ್ಪು ಕೊಟ್ಟರು. "ಹಾಲು ನಿಲ್ಲಿಸಿ. ಹೊಟ್ಟೆ ಕೆಟ್ಟಾಗ ಹಾಲು ಕೊಡ್ತಾರಾ ಯಾರಾದ್ರೂ? ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೇಲಿ ಕೊಡಿ."

ನಯನ ಮಾವನ ಮಾತಿಗೆ ಬೆಲೆ ಕೊಟ್ಟು ಬೆಳಿಗ್ಗೆ ಹಾಲು ನಿಲ್ಲಿಸಿದಳು. ಹಸಿದ ಕರು ಸಂಜೆ ದಿವ್ಯಳನ್ನು ಕಂಡು ಕೂಗಿತು. ಅವಳಿಗೆ ಕಣ್ಣಲ್ಲಿ ನೀರು ಬಂತು, ಎರಡು ಬಾಟಲಿ ಒಟ್ಟಿಗೆ ಕುಡಿಸಿದಳು. ಹೀಗೆ ಒಂದು ಹೊತ್ತು ಉಪವಾಸ, ಇನ್ನೊಂದು ಹೊತ್ತು ಔತಣ. ಮೂರನೆಯ ದಿನ ಬೆಳಿಗ್ಗೆ ಕರು ಎದ್ದು ಬರಲಿಲ್ಲ. ಬೆರಳು ಬಾಯಿಗಿಟ್ಟರೆ ಚೀಪಲಿಲ್ಲ. ಬಾಯಿಯ ಒಳಗೂ ತಣ್ಣಗಿತ್ತು.

ಶೇಷಮ್ಮನವರು ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. "ಸರಸಿಗೂ ಹಿಂಗೇ ಕಿವಿ ತಣ್ಣಗಾಗಿತ್ತು," ಎಂದರು. ರಾಕೇಶ ತಾನು ಓಡಿಸುವ ಪಿಕಪ್ ಗಾಡಿ ತೆಗೆದುಕೊಂಡು ಹೋಗಿ ಡಾಕ್ಟರನ್ನೇ ಕೂರಿಸಿಕೊಂಡು ಬಂದ. ಆ ದಿನ ದಿವ್ಯ ಬಸ್ಸಿಗೆ ಹೋಗಲಿಲ್ಲ.

ಡಾಕ್ಟರ್ ಜಯದೇವಪ್ಪ ಹೆಚ್ಚು ಮಾತಿನವರಲ್ಲ. ಕರುವಿನ ಕುತ್ತಿಗೆಯ ಚರ್ಮ ಹಿಡಿದೆಳೆದು ಬಿಟ್ಟರು. ಎಳೆದ ಚರ್ಮ ತಟ್ಟನೆ ಕೂರದೆ ಹಾಗೇ ಮಡಿಕೆಯಾಗಿ ನಿಂತಿತು. ಗುಳಿಬಿದ್ದ ಕಣ್ಣು ನೋಡಿದರು. ಕುತ್ತಿಗೆಯ ನರಕ್ಕೆ ಡ್ರಿಪ್ ಹಾಕಿ, ಬಾಟಲಿಯನ್ನು ಎತ್ತಿ ಹಿಡಿಯಲು ರಾಜೇಶನ ಕೈಗೆ ಕೊಟ್ಟರು. ಆಮೇಲೆ ಕೇಳಿದರು: "ಹಾಲು ಯಾರು ಕುಡಿಸೋದು?"

"ನಾನು," ಎಂದರು ಇಬ್ಬರು ಸೊಸೆಯರೂ.

"ಒಬ್ಬೊಬ್ಬರೇ ಹೇಳಿ. ಎಷ್ಟು?"

ನಯನ ಹೇಳಿದಳು. ದಿವ್ಯ ಹೇಳಿದಳು. ಒಬ್ಬರ ಲೆಕ್ಕ ಕೇಳಿ ಇನ್ನೊಬ್ಬರ ಮುಖ ಸಣ್ಣದಾಯಿತು. ಶೇಷಮ್ಮನವರು ಸೆರಗಿನ ತುದಿ ತಿರುವುತ್ತ, "ಮಧ್ಯಾಹ್ನ ಒಂದು ಚೂರು ನಾನೂ," ಎಂದರು.

"ಚೂರು ಅಂದ್ರೆ?"

"ಒಂದು ಬಾಟಲಿ."

ಡಾಕ್ಟರು ಸುಬ್ಬಯ್ಯನವರತ್ತ ತಿರುಗಿದರು. ಸುಬ್ಬಯ್ಯನವರು ಮಾಡಿನ ಹೆಂಚು ಎಣಿಸುವವರಂತೆ ಮೇಲೆ ನೋಡಿದರು. "ರಾತ್ರಿ ಊಟಕ್ಕೆ ಮೊದಲು ನಾನು ಒಂದು ಲೋಟ. ಒಂದೇ ಲೋಟ ಮಾರಾಯ್ರೆ."

ಡ್ರಿಪ್ ಬಾಟಲಿ ಹಿಡಿದು ನಿಂತಿದ್ದ ರಾಜೇಶ, "ಅಪ್ಪಾ!" ಎಂದ.

"ಕರುವಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಹಾಲು, ಅದೂ ಇಡೀ ದಿನಕ್ಕೆ," ಎಂದರು ಡಾಕ್ಟರು. "ನೀವೆಲ್ಲ ಸೇರಿ ಅದರ ಎರಡರಷ್ಟು ಕುಡಿಸಿದೀರಿ. ಒಂದು ಬಿಸಿ, ಒಂದು ತಣ್ಣಗೆ. ಬಾಟಲಿ ಯಾರು ತೊಳೆಯೋದು?"

ಈ ಸಲ ಯಾರೂ 'ನಾನು' ಎನ್ನಲಿಲ್ಲ. ಡಾಕ್ಟರು ನಿಪ್ಪಲ್ ಕಿತ್ತು ಒಳಗೆ ಬೆರಳು ತಿರುಗಿಸಿ ತೋರಿಸಿದರು. ಬೆರಳಿನ ತುದಿಗೆ ಹಳದಿ ಲೋಳೆ ಮೆತ್ತಿಕೊಂಡಿತ್ತು. ದಿವ್ಯ ಮುಖ ತಿರುಗಿಸಿದಳು. ನಯನ ಕಾಲ ಬೆರಳು ನೋಡಿಕೊಂಡಳು.

"ಮೊದಲ ದಿನ ತಾಯಿ ಹಾಲು ಕುಡಿದಿತ್ತು, ಅದಕ್ಕೇ ಇಷ್ಟು ತಡೆದಿದೆ. ಇನ್ನು ಕೇಳಿ. ಹಾಲು ಪೂರ್ತಿ ನಿಲ್ಲಿಸಿದ್ರೆ ಹಸಿದು ಸಾಯ್ತದೆ. ನೀರು ಕೊಡದಿದ್ರೆ ಒಣಗಿ ಸಾಯ್ತದೆ. ಹಾಲು ಸ್ವಲ್ಪ ಸ್ವಲ್ಪ ಕೊಡಿ, ಮೈ ಬಿಸಿಯಷ್ಟೇ ಬೆಚ್ಚಗೆ. ನಡುವೆ ಈ ಪುಡಿ ಕಲಸಿದ ನೀರು ಕುಡಿಸಿ. ಹಾಲಿಗೆ ಬೆರೆಸಬೇಡಿ, ಬೇರೆ ಹೊತ್ತಲ್ಲಿ. ಬಾಟಲಿ ಪ್ರತಿ ಸಲ ಕುದಿನೀರಲ್ಲಿ ತೊಳೆದು ಒಣಗಿಸಿ. ಹಸಿ ಸೊಪ್ಪು ತೆಗೆದು ಒಣಗಿದ ಎಲೆಯ ದರಗು ಹಾಸಿ, ಹೊಟ್ಟೆಗೆ ತಂಡಿ ಹಿಡೀಬಾರದು." ಚೀಲ ಮುಚ್ಚುತ್ತ ಸೇರಿಸಿದರು: "ಮತ್ತೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಬೇಕು. ಇಲ್ಲದಿದ್ರೆ ನನ್ನನ್ನ ಕರೀಬೇಡಿ."

ಡಾಕ್ಟರು ಹೋದ ಮೇಲೆ ಯಾರಿಗೂ ಊಟ ಸೇರಲಿಲ್ಲ. ರಾಜೇಶನೇ ಹಂಚಿಕೆ ಮಾಡಿದ. ಬೆಳಗಿನ ಹಾಲು ನಯನ, ಸಂಜೆಯ ಹಾಲು ದಿವ್ಯ, ನಡುವೆ ಪುಡಿ ನೀರು ಅಮ್ಮ. ಅಪ್ಪ ಕೊಟ್ಟಿಗೆಗೆ ಕಾಲಿಡಬಾರದು. ಸುಬ್ಬಯ್ಯನವರು ಬೇಸರ ಮಾಡಿಕೊಂಡರೂ ದರಗು ಗುಡಿಸಿ ತರುವ ಕೆಲಸ ತಾವಾಗಿ ಹಿಡಿದರು. ಬಾಟಲಿ ತೊಳೆಯಲು ಕುದಿನೀರು ಯಾರ ಒಲೆಯದ್ದು ಎಂಬ ಪ್ರಶ್ನೆ ಬರುವ ಮೊದಲೇ ಶೇಷಮ್ಮನವರು ಬಚ್ಚಲ ಹಂಡೆಯ ಒಲೆಗೆ ಕಟ್ಟಿಗೆ ತುರುಕಿದರು.

ಎರಡು ದಿನ ಹೀಗೇ ಎಳೆಯಿತು. ಕರು ಒಮ್ಮೆ ಎದ್ದರೆ ಎರಡು ಸಲ ಬೀಳುತ್ತಿತ್ತು. ಶೇಷಮ್ಮನವರು ಕೂತಲ್ಲಿ ಕೂರಲಿಲ್ಲ. ಅಕ್ಕಿ ಆರಿಸಲು ಕೂತರೆ ಎದ್ದು ಕೊಟ್ಟಿಗೆಗೆ, ಊಟಕ್ಕೆ ಕೂತರೆ ಕಲಸಿದ ಅನ್ನ ಬಿಟ್ಟು ಕೊಟ್ಟಿಗೆಗೆ. ಮೂರನೆಯ ದಿನ ಸಂಜೆ ಮನೆಯಲ್ಲಿ ಪುಡಿ ಮುಗಿದಿದೆಯೆಂದು ಅವರು ಯಾರಿಗೂ ಹೇಳದೆ ಜಯಪುರದ ಬಸ್ಸು ಹತ್ತಿದ್ದರು. ದಿವ್ಯ ಕೆಲಸದಿಂದ ಬಂದು ಹಾಲಿನ ಬಾಟಲಿ ಹಿಡಿದು ನಿಂತಳು. ಹೊಟ್ಟೆ ಹೇಗಿದೆಯೆಂದು ಗೊತ್ತಿಲ್ಲದೆ ಎಷ್ಟು ಕುಡಿಸುವುದು? ಕೇಳಬೇಕಾದ ಅತ್ತೆ ಇಲ್ಲ. ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದವಳು ನಯನ ಒಬ್ಬಳೇ.

ದಿವ್ಯ ಒಮ್ಮೆ ಕೆಮ್ಮಿದಳು. ನಯನ ತಿರುಗಲಿಲ್ಲ.

"ಬೆಳಿಗ್ಗೆ ಹೆಂಗಿತ್ತು?"

ನಯನಳ ಕೈ ಬಟ್ಟೆಯ ಮೇಲೆ ನಿಂತಿತು. "ಎಂತದು?"

"ಸಗಣಿ."

"ನೀರೇ. ಆದ್ರೆ ನಿನ್ನೆಯಷ್ಟು ನಾತ ಇಲ್ಲ."

"ಮಧ್ಯಾಹ್ನ?"

"ಸ್ವಲ್ಪ ದಪ್ಪ. ಮಜ್ಜಿಗೆ ಹುಳಿಯಷ್ಟು."

ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು ಸಗಣಿಯ ಮೇಲಾಯಿತು. ದಿವ್ಯಳಿಗೆ ನಗು ಬಂತು, ಕೊಟ್ಟಿಗೆಯ ಕಡೆ ತಿರುಗಿ ಅದನ್ನು ನುಂಗಿಕೊಂಡಳು. ನಯನ ಬಂದು ಕರುವಿನ ಕತ್ತು ಎತ್ತಿ ಹಿಡಿದಳು. "ಹಂಗೆ ಬಾಟಲಿ ತೀರಾ ಎತ್ತಬೇಡ, ನೆತ್ತಿಗೆ ಹತ್ತಿ ಕೆಮ್ತದೆ. ತಾಯಿ ಕೆಚ್ಚಲಿನ ಎತ್ತರಕ್ಕೆ ಹಿಡಿ."

"ಹಿಂಗಾ ಅಕ್ಕ?"

"ಹಾಂ, ಹಂಗೆ."

ಇಷ್ಟಕ್ಕೇ ಮನೆ ಒಂದಾಯಿತೆಂದು ತಿಳಿಯಬೇಡಿ. ಸಗಣಿ, ಹಾಲು, ಬಾಟಲಿ, ಇಷ್ಟಕ್ಕೆ ಮಾತ್ರ ನೇರ ಮಾತು. ಹಂಡೆಯ ನೀರು, ಅಂಗಳದ ಕಸ, ಬಟ್ಟೆ ಒಣಹಾಕುವ ಹಗ್ಗ ಎಲ್ಲಕ್ಕೂ ಮತ್ತೆ ಅತ್ತೆಯೇ ಬೇಕು. ಆದರೆ ಕರು ಎದ್ದಿತು. ವಾರ ಕಳೆಯುವಷ್ಟರಲ್ಲಿ ಬಾಲ ಒಣಗಿತು, ಕಣ್ಣು ತುಂಬಿಕೊಂಡಿತು. ಇನ್ನೆರಡು ವಾರಕ್ಕೆ ಅಂಗಳದಲ್ಲಿ ಕುಪ್ಪಳಿಸಿ, ಹಗ್ಗದ ಮೇಲಿನ ಸೀರೆಯ ಅಂಚು ಚೀಪತೊಡಗಿತು. ಆ ಸೀರೆ ಯಾರದ್ದೆಂದು ಮತ್ತೊಂದು ಜಗಳವಾಯಿತು.

ಆಗ ರಾಜೇಶ ಬಾಯಿಬಿಟ್ಟ. ದಿವ್ಯಳ ಅಂಗಡಿಗೆ ರಜೆಯಿದ್ದ ದಿನ, ಹಗಲೂಟಕ್ಕೆ ಎಲ್ಲರೂ ಇದ್ದರು, ರಾಕೇಶನೂ ಬಂದು ಬಾಗಿಲಿಗೆ ಒರಗಿದ್ದ.

"ಕೊಪ್ಪದ ಮಲ್ಲೇಶಪ್ಪ ಕೇಳಿದಾರೆ. ಹಸು ಸಾಕೋರೇ, ಕಟುಕರಿಗೆ ಕೊಡೋ ಜನ ಅಲ್ಲ. ಭಾನುವಾರ ಬರ್ತಾರೆ."

"ಯಾವುದಕ್ಕೆ?" ಶೇಷಮ್ಮನವರ ಕೈ ತಟ್ಟೆಯಲ್ಲೇ ನಿಂತಿತು.

"ಕರು ನೋಡೋಕೆ. ಮಾರೋದು ಅಂತ ಮೊದಲೇ ಮಾತಾಗಿತ್ತಲ್ಲಮ್ಮ."

"ಅದು ಸರಸಿಗೆ ಆದ ಮಾತು. ಸರಸಿ ಸತ್ತಳು."

"ಅಮ್ಮ, ನಾಳೆ ಇದು ದೊಡ್ಡದಾಗ್ತದೆ. ಹಾಲು ಯಾರ ಒಲೆಗೆ? ಮೇವು ಯಾರದ್ದು? ದಿನಾ ರಂಪ. ನೀನೇ ಹೇಳು," ಎಂದ ರಾಕೇಶ.

"ನಾನೇ ನೋಡ್ಕೊಳ್ತೇನೆ."

"ನಿನ್ನ ಮಂಡಿ ನೋವಿಗೆ ಸಗಣಿ ಬಾಚ್ತೀಯಾ? ಕಡೆಗೆ ಇವರಿಬ್ಬರ ತಲೆ ಮೇಲೇ ಬೀಳೋದು."

ಶೇಷಮ್ಮನವರು ಗಂಡನ ಕಡೆ ನೋಡಿದರು. "ನೀವಾದ್ರೂ ಎಂತಾದ್ರೂ ಹೇಳಿ."

ಸುಬ್ಬಯ್ಯನವರು ಬದನೆಕಾಯಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದರು. "ದುಡಿಯೋರು ಅವರು. ನಾವು ಎಂತ ಹೇಳೋದು?"

ಶೇಷಮ್ಮನವರಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಸಾಯುವಾಗ ಎಲ್ಲರ ಕರುವಾಗಿದ್ದದ್ದು ಬದುಕಿದ ಮೇಲೆ ಯಾರದ್ದೂ ಅಲ್ಲದ್ದಾಯಿತು. ಇದಕ್ಕಾಗಿಯೇ ಇಷ್ಟು ನೀರು ಕುದಿಸಿದೆನೇ ಎನಿಸಿತು. ಸೊಸೆಯರ ಮುಖ ನೋಡಿದರು. ನಯನ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ದಿವ್ಯ ಆಗಲೇ ತನ್ನ ಒಲೆಯ ಕೋಣೆಯಲ್ಲಿದ್ದಳು, ಅಲ್ಲಿ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದ ಸದ್ದಾಯಿತು. ಅವರಿಗೂ ಒಂದು ಕೆಲಸ ಕಡಿಮೆಯಾಗುತ್ತದೆ, ಬೇಡ ಎನ್ನಲು ಅವರಿಗೇನು ಎಂದುಕೊಂಡರು ಶೇಷಮ್ಮ. ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಭಾನುವಾರ ಮಲ್ಲೇಶಪ್ಪ ಬಂದರು. ಬಿಳಿ ಪಂಚೆಯ ನಿಧಾನದ ಮನುಷ್ಯ, ಕೈಯಲ್ಲಿ ಹೊಸ ಹಗ್ಗ. ಕರುವನ್ನು ಅಂಗಳಕ್ಕೆ ತಂದು ಕಟ್ಟಿದ್ದರು. ಅವರು ಸುತ್ತ ತಿರುಗಿ ಕಾಲು ನೋಡಿದರು, ಹಲ್ಲು ನೋಡಿದರು, ಬೆನ್ನು ಸವರಿದರು.

"ಲಕ್ಷಣವಾಗಿದೆ. ತಾಯಿ ಇಲ್ಲದೆ ಇಷ್ಟು ಚೆನ್ನಾಗಿ ಬೆಳೆಸಿದೀರಲ್ಲ. ನಡುವೆ ಹೊಟ್ಟೆ ಕೆಟ್ಟಿತ್ತು ಅಂತ ಕೇಳಿದೆ. ಈಗ ಸರಿಯಾಗಿದೆ ತಾನೆ?"

"ಪೂರ್ತಿ ಸರಿಯಾಗಿ ಹದಿನೈದು ದಿನ ಆಯ್ತು," ಎಂದ ರಾಜೇಶ.

"ಎಲ್ಲಿ ಸರಿಯಾಗಿದೆ?" ಎಂದಳು ನಯನ.

ರಾಜೇಶ ತಿರುಗಿ ನೋಡಿದ. ನಯನ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. "ನಿನ್ನೆ ಸಂಜೆಯೂ ನೀರು ನೀರೇ ಹೋಗಿದೆ. ಗಂಡಸರಿಗೆ ಎಂತ ಗೊತ್ತು, ಕೊಟ್ಟಿಗೆ ಬಾಚೋದು ನಾನು."

"ಎಂತ ಹೇಳ್ತಿದೀಯೆ ನೀನು?"

"ಅಕ್ಕ ಹೇಳಿದ್ದು ಹೌದು." ಇನ್ನೊಂದು ಬಾಗಿಲಿನಿಂದ ದಿವ್ಯಳ ಧ್ವನಿ. "ಬೆಳಿಗ್ಗೆ ನಾನೇ ನೋಡಿದೆ. ಹಳದಿ. ನಾತ ಬೇರೆ."

"ದಿವ್ಯಾ!" ಎಂದ ರಾಕೇಶ.

"ತಗೊಂಡು ಹೋದ ಮೇಲೆ ಅವರ ಹಟ್ಟಿಯ ಬೇರೆ ಕರುಗಳಿಗೂ ಅಂಟಿದ್ರೆ ಯಾರು ಹೊಣೆ? ಹೇಳೋದು ಧರ್ಮ ಅಲ್ವಾ ಅಕ್ಕ?"

"ಧರ್ಮವೇ," ಎಂದಳು ನಯನ.

ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅದು ಅವರ ಮುಖದ ಗಾಬರಿಯಲ್ಲೇ ಕಾಣುತ್ತಿತ್ತು. ಶೇಷಮ್ಮನವರು ಜಗಲಿಯ ಕಂಬ ಹಿಡಿದುಕೊಂಡು ಒಬ್ಬೊಬ್ಬರನ್ನೇ ನೋಡಿದರು.

ಮಲ್ಲೇಶಪ್ಪ ಅವರ ಹತ್ತಿರ ಬಂದರು. "ಅಮ್ಮ, ನೀವು ಹೇಳಿ. ನಿಮ್ಮ ಬಾಯಲ್ಲಿ ಸುಳ್ಳು ಬರೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಕರುವಿಗೆ ಭೇದಿ ಇದೆಯಾ?"

ಶೇಷಮ್ಮನವರು ಕರುವನ್ನು ನೋಡಿದರು. ಗಂಡನ ಮುಖ ನೋಡಿದರು. ಸುಬ್ಬಯ್ಯನವರು ಹೆಂಚು ನೋಡುತ್ತಿದ್ದರು, ಆದರೆ ಅವರ ಮೀಸೆಯ ಕೆಳಗೆ ತುಟಿ ಅಲುಗುತ್ತಿತ್ತು.

"ಇದೆ," ಎಂದರು ಶೇಷಮ್ಮ. "ಬಹಳ ಇದೆ."

ಆಗಲೇ ಕರು ಬಾಲ ಎತ್ತಿತು. ಎಲ್ಲರ ಕಣ್ಣೆದುರು, ಗುಡಿಸಿದ ಅಂಗಳದ ನಡುವೆ, ಉಂಡೆ ಕಟ್ಟುವಷ್ಟು ಗಟ್ಟಿಯಾದ ಸಗಣಿ ಹಾಕಿ, ಏನೂ ಆಗದಂತೆ ಕಿವಿ ಕೊಡವಿತು.

ಮಲ್ಲೇಶಪ್ಪ ಸಗಣಿಯನ್ನು ನೋಡಿದರು. ಆ ಬಾಗಿಲಿನ ಸೊಸೆಯನ್ನು ನೋಡಿದರು, ಈ ಬಾಗಿಲಿನ ಸೊಸೆಯನ್ನು ನೋಡಿದರು, ಕಂಬ ಹಿಡಿದ ಮುದುಕಿಯನ್ನು ನೋಡಿದರು. ಮತ್ತೆ ಸಗಣಿಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೌದು ಮಾರಾಯ್ರೆ, ಜೋರೇ ಇದೆ," ಎಂದು ಹಗ್ಗವನ್ನು ಸುತ್ತಿ ಕಂಕುಳಿಗೆ ಸೇರಿಸಿಕೊಂಡರು. "ನಿಂತ ಮೇಲೆ ಹೇಳಿ ಕಳಿಸಿ, ಬರ್ತೇನೆ."

"ಅದು ನಿಲ್ಲೋದಿಲ್ಲ," ಎಂದರು ಮೂವರು ಹೆಂಗಸರೂ, ಒಟ್ಟಿಗೇ.